ಕಡಲಂಚಿನ ಗೋಮಾಳದಲ್ಲಿ ಗಾಲ್ಫ್

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿರುವ ಸೇಂಟ್ ಆಂಡ್ರೂಸ್ ಪಟ್ಟಣವನ್ನು ಗಾಲ್ಫಿನ ತವರು ಎನ್ನುತ್ತಾರೆ. ಅಲ್ಲಿನ ಓಲ್ಡ್ ಕೋರ್ಸ್ ಮೈದಾನದ ಮೊದಲನೆಯ ಮತ್ತು ಹದಿನೆಂಟನೆಯ ಫೇರ್‌ವೇಗಳನ್ನು (ಚೆಂಡು ಹೊಡೆದು ಸಾಗುವ ಹುಲ್ಲುಹಾದಿಗಳನ್ನು) ಅಡ್ಡಹಾಯ್ದು ಒಂದು ರಸ್ತೆ ಕಡಲ ಕಡೆಗೆ ಹೋಗುತ್ತದೆ. ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂದು ಅದರ ಹೆಸರು. ಕ್ಲಬ್ಬಿನವರು ಹಾಕಿಕೊಂಡ ದಾರಿಯಲ್ಲ, ಊರಿನ ರಸ್ತೆ. ಬಿಸಿಲು ಬಿದ್ದ ದಿನ ಬಕೆಟ್ಟು, ಟವೆಲ್ಲು ಹಿಡಿದು ಮಕ್ಕಳನ್ನು ಕಡಲಿಗೆ ಕರೆದೊಯ್ಯುವವರು ಅದರ ಮೇಲೆ ನಡೆದುಹೋಗುತ್ತಾರೆ, ಕಾರುಗಳೂ ದಾಟುತ್ತವೆ. ಆಡಲು ಬಂದವರು ಸಾವಿರಾರು ಮೈಲಿ ಹಾರಿ ಬಂದವರಿರಬಹುದು, ವರ್ಷಗಟ್ಟಲೆ ಕಾದು ಬಂದವರಿರಬಹುದು. ಜನ ದಾಟುವವರೆಗೆ ಅವರು ಕ್ಲಬ್ ಕೆಳಗಿಟ್ಟು ಕಾಯಬೇಕು.

ಗಾಲ್ಫ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ಏಪ್ರಿಲ್ ಬಿಸಿಲಿನಲ್ಲೂ ನೀರು ಕುಡಿದು ಹಸಿರಾಗಿರುವ ಹುಲ್ಲು, ಲಕ್ಷಗಟ್ಟಲೆ ಸದಸ್ಯತ್ವ ಶುಲ್ಕ. ಆ ಚಿತ್ರ ಸುಳ್ಳೇನಲ್ಲ. ಆದರೆ ಈ ಆಟ ಹುಟ್ಟಿ ಬೆಳೆದದ್ದು ಅದಕ್ಕೆ ತೀರಾ ವಿರುದ್ಧವಾದ ಜಾಗದಲ್ಲಿ. ನಮ್ಮ ಹಳ್ಳಿಗಳಿಗೆ ಗೋಮಾಳ ಹೇಗೋ ಸ್ಕಾಟ್ಲೆಂಡಿನ ಕರಾವಳಿ ಊರುಗಳಿಗೆ ‘ಲಿಂಕ್ಸ್’ ಹಾಗೆ: ಉಳುವ ಹೊಲಕ್ಕೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿ. ಬೆಳೆ ಬರುವುದಿಲ್ಲ, ಮರ ನಿಲ್ಲುವುದಿಲ್ಲ. ಆದ್ದರಿಂದ ಎಲ್ಲರದೂ ಆಯಿತು. ಕುರಿ ಮೇಯುತ್ತಿತ್ತು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ಸಿಪಾಯಿಗಳು ಬಿಲ್ಲುವಿದ್ಯೆ ಕಲಿಯುತ್ತಿದ್ದರು, ಹುಡುಗರು ಚೆಂಡು ಹೊಡೆಯುತ್ತಿದ್ದರು. ಆ ಕೊನೆಯ ಹುಚ್ಚು ಎಷ್ಟು ಹೆಚ್ಚಿತೆಂದರೆ 1457ರಲ್ಲಿ ಎರಡನೆಯ ಜೇಮ್ಸ್ ಕಾಲದ ಪಾರ್ಲಿಮೆಂಟು ಗಾಲ್ಫನ್ನೂ ಫುಟ್ಬಾಲನ್ನೂ ನಿಷೇಧಿಸಿತು. ಇಂಗ್ಲೆಂಡಿನ ಮೇಲೆ ಯುದ್ಧಕ್ಕೆ ಬಿಲ್ಲುಗಾರರು ಬೇಕಾಗಿದ್ದರು, ಜನ ಅಭ್ಯಾಸ ಬಿಟ್ಟು ಆಟಕ್ಕೆ ಹೋಗುತ್ತಿದ್ದರು. ಗಾಲ್ಫ್ ಎಂಬ ಆಟದ ಬಗ್ಗೆ ನಮಗೆ ಸಿಗುವ ಮೊದಲ ಲಿಖಿತ ದಾಖಲೆಯೇ ಈ ನಿಷೇಧ.

ಈ ನೆಲ ಯಾರದು ಎಂಬ ಪ್ರಶ್ನೆಯನ್ನು ಸೇಂಟ್ ಆಂಡ್ರೂಸ್ ಜನ ಶತಮಾನಗಳ ಕಾಲ ಹೋರಾಡಿ ಇತ್ಯರ್ಥ ಮಾಡಿಕೊಂಡಿದ್ದಾರೆ. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಸನ್ನದಿಗೆ ಸಹಿ ಹಾಕಿದ. ಲಿಂಕ್ಸ್‌ನಲ್ಲಿ ಮೊಲ ಸಾಕುವ ಹಕ್ಕು ತನಗೆ, ಗಾಲ್ಫ್, ಫುಟ್ಬಾಲ್, ಬಿಲ್ಲಿನಾಟ ಆಡುವ ಹಕ್ಕು ಊರಿನವರಿಗೆ ಎಂಬುದು ಅದರ ತಿರುಳು. ಎರಡೂವರೆ ಶತಮಾನದ ನಂತರ, 1797ರಲ್ಲಿ, ಸಾಲದಲ್ಲಿ ಮುಳುಗಿದ್ದ ಪುರಸಭೆ ಲಿಂಕ್ಸನ್ನು ಮಾರಿಬಿಟ್ಟಿತು. ಅದು ಮೊಲದ ವ್ಯಾಪಾರಿಗಳ ಕೈಸೇರಿತು. ತುಪ್ಪಟಕ್ಕೂ ಮಾಂಸಕ್ಕೂ ಸಾಕಿದ ಮೊಲಗಳು ಮೈದಾನದ ತುಂಬ ಬಿಲ ತೋಡಿದವು. ಊರಿನವರು ಮೊಲಗಳನ್ನು ಹಿಡಿದು ಕೊಂದರು, ಬಡಿದಾಟವಾಯಿತು, ಮೊಕದ್ದಮೆ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಕೊನೆಗೆ 1821ರಲ್ಲಿ ನೆರೆಯ ಸ್ಟ್ರಾಥ್‌ಟೈರಮ್‌ನ ಜಮೀನುದಾರ, ಸ್ವತಃ ಗಾಲ್ಫ್ ಆಡುತ್ತಿದ್ದ ಜೇಮ್ಸ್ ಚೀಪ್, ಆ ನೆಲವನ್ನು ಕೊಂಡು ಮೊಲಗಳಿಂದ ಬಿಡಿಸಿದ. 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅದು ಮತ್ತೆ ಊರಿನ ಆಸ್ತಿಯಾಯಿತು. 1946ರವರೆಗೂ ಊರಿನವರು ಬಿಡಿಗಾಸು ಕೊಡದೆ ಆಡುತ್ತಿದ್ದರು. 1974ರಿಂದ ಇನ್ನೊಂದು ಕಾಯ್ದೆಯಡಿ ರಚನೆಯಾದ ಟ್ರಸ್ಟ್ ಅಲ್ಲಿನ ಎಲ್ಲ ಸಾರ್ವಜನಿಕ ಮೈದಾನಗಳನ್ನು ನೋಡಿಕೊಳ್ಳುತ್ತಿದೆ. ನಮ್ಮ ಗೋಮಾಳಗಳಿಗೂ ಗುಂಡುತೋಪುಗಳಿಗೂ ಒಬ್ಬ ಚೀಪ್ ಸಿಗಲಿಲ್ಲವಲ್ಲ ಎಂಬ ಕೊರಗು ಈ ಇತಿಹಾಸ ಓದಿದಾಗೆಲ್ಲ ನನ್ನನ್ನು ಕಾಡುತ್ತದೆ.

ನೆಲದ ಕಥೆ ಇದಕ್ಕಿಂತ ಹಳೆಯದು. ಹಿಮಯುಗದಲ್ಲಿ ಸ್ಕಾಟ್ಲೆಂಡಿನ ಮೇಲೆ ಭಾರಿ ದಪ್ಪದ ಹಿಮ ಕೂತಿತ್ತು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಅದು ಕರಗಿ ಹೋದಾಗ ಭಾರ ಇಳಿದ ನೆಲ ನಿಧಾನವಾಗಿ ಮೇಲೆದ್ದಿತು. ಕಡಲು ಹಿಂದೆ ಸರಿದಲ್ಲಿ ಹಳೆಯ ತೀರಗಳು ಒಣಗಿ ನಿಂತವು. ಹಿಮನದಿಗಳು ಅರೆದು ಪುಡಿ ಮಾಡಿದ್ದ ಮರಳನ್ನು ನದಿಗಳು ಕಡಲಿಗೆ ತಂದವು, ಅಲೆ ಅದನ್ನು ದಡಕ್ಕೆ ಹಾಕಿತು, ಗಾಳಿ ಒಳಕ್ಕೆ ಹೊತ್ತು ದಿಬ್ಬ ಮಾಡಿತು. ದಿಬ್ಬವನ್ನು ಹಿಡಿದು ನಿಲ್ಲಿಸಿದ್ದು ಮ್ಯಾರಮ್ ಎಂಬ ಒರಟು ಹುಲ್ಲು. ಮರಳಿನಲ್ಲಿ ಹೂತುಹೋದಷ್ಟೂ ಚಿಗುರಿ ಮೇಲೆ ಬರುವುದು ಅದರ ಗುಣ. ಅದರ ಹಿಂದೆ, ಗಾಳಿಯ ಹೊಡೆತ ಸ್ವಲ್ಪ ಕಡಿಮೆಯಾದಲ್ಲಿ, ಫೆಸ್ಕ್ಯೂ ಮತ್ತು ಬೆಂಟ್ ಎಂಬ ಸಣ್ಣೆಳೆಯ ಹುಲ್ಲುಗಳು ಬಂದವು. ಕುರಿ, ಮೊಲ ಮೇಯ್ದು ಮೇಯ್ದು ಅವು ಚಾಪೆ ಹಾಸಿದಷ್ಟು ಗಿಡ್ಡವಾದವು. ಚಳಿಗೆ, ಗಾಳಿಗೆ ಕುರಿಗಳು ಒತ್ತಿಕೊಂಡು ಮಲಗಿದ ಕಡೆ ಹುಲ್ಲು ಕಿತ್ತು ಮರಳು ಕಾಣಿಸಿಕೊಂಡಿತು, ಗಾಳಿ ಅದನ್ನು ಇನ್ನಷ್ಟು ತೋಡಿತು. ಇಂದು ಆಟಗಾರರ ಎದೆ ನಡುಗಿಸುವ ಬಂಕರುಗಳಲ್ಲಿ, ಅಂದರೆ ಮರಳುಗುಂಡಿಗಳಲ್ಲಿ, ಎಷ್ಟೋ ಹೀಗೆ ಹುಟ್ಟಿದವು. ಓಲ್ಡ್ ಕೋರ್ಸಿಗೆ ಇಂಥವರು ವಿನ್ಯಾಸ ಮಾಡಿದರು ಎಂದು ಹೇಳಲು ಒಂದು ಹೆಸರಿಲ್ಲ.

ಲಿಂಕ್ಸ್ ನೆಲದ ಬೆಲೆ ಅದರ ಬಡತನದಲ್ಲಿದೆ. ಮರಳಾದ್ದರಿಂದ ಎಷ್ಟೇ ಮಳೆ ಬಿದ್ದರೂ ನೀರು ಇಂಗಿಹೋಗುತ್ತದೆ. ಸಾರವಿಲ್ಲದ್ದರಿಂದ ಹುಲ್ಲು ಸೊಕ್ಕುವುದಿಲ್ಲ. ಫೆಸ್ಕ್ಯೂ ಕಡಿಮೆ ನೀರು, ಕಡಿಮೆ ಗೊಬ್ಬರದಲ್ಲಿ ಬಾಳುವ ಹುಲ್ಲು. ಗೊಬ್ಬರ, ನೀರು ಸುರಿದರೆ ಮೆತ್ತನೆಯ ಬೇರೆ ಹುಲ್ಲುಗಳು ನುಗ್ಗಿ ಬಂದು ಅದನ್ನು ಓಡಿಸುತ್ತವೆ, ನೆಲ ಮೆದುವಾಗುತ್ತದೆ, ಆಟ ಕೆಡುತ್ತದೆ. ಇದನ್ನು ಅನುಭವದಿಂದ ಕಂಡುಕೊಂಡವನು ಟಾಮ್ ಮಾರಿಸ್. ಅದೇ ಊರಿನಲ್ಲಿ 1821ರಲ್ಲಿ ಹುಟ್ಟಿದವನು, ಮೊದಲು ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ನಲ್ಲಿ, 1860ರ ದಶಕದ ಮಧ್ಯದಿಂದ ಸೇಂಟ್ ಆಂಡ್ರೂಸ್‌ನಲ್ಲಿ ಹುಲ್ಲು ನೋಡಿಕೊಂಡವನು. ಪ್ರೆಸ್ಟ್‌ವಿಕ್‌ನಲ್ಲಿ ಒಮ್ಮೆ ಕೈಗಾಡಿಯಿಂದ ಮರಳು ಗ್ರೀನಿನ (ಕುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿನ) ಮೇಲೆ ಚೆಲ್ಲಿಹೋಯಿತಂತೆ. ಕೆಲವು ದಿನ ಬಿಟ್ಟು ನೋಡಿದರೆ ಅಲ್ಲೇ ಹುಲ್ಲು ಚೆನ್ನಾಗಿ ಬಂದಿತ್ತು. ಅಲ್ಲಿಂದ ಮುಂದೆ ಗ್ರೀನಿಗೆ ಮರಳು ಉದುರಿಸುವುದೇ ಅವನ ಮುಖ್ಯ ಮದ್ದು. ಜಗತ್ತಿನ ಬಹುಪಾಲು ಗಾಲ್ಫ್ ಮೈದಾನಗಳಲ್ಲಿ, ಬೆಂಗಳೂರಿನವು ಸೇರಿ, ಇವತ್ತಿಗೂ ಆ ಪದ್ಧತಿ ನಡೆದಿದೆ.

ಈ ಟಾಮ್ ಮಾರಿಸ್ ಹರೆಯದಲ್ಲಿ ಚೆಂಡು ಮಾಡುವ ಅಲನ್ ರಾಬರ್ಟ್‌ಸನ್ ಹತ್ತಿರ ಕೆಲಸಕ್ಕಿದ್ದ. ಆಗಿನ ಚೆಂಡು ಎಂದರೆ ಚರ್ಮದ ಚೀಲಕ್ಕೆ ಬೇಯಿಸಿದ ಪುಕ್ಕ ತುರುಕಿ ಹೊಲಿದದ್ದು. ದಿನಕ್ಕೆ ಕೆಲವೇ ಆಗುತ್ತಿದ್ದವು, ಮಳೆಗೆ ನೆನೆದರೆ ಹಾಳು, ಬೆಲೆ ಬಡವರ ಕೈಗೆ ಎಟುಕುವಂಥದಲ್ಲ. 1848ರ ಸುಮಾರಿಗೆ ಮಲಯ ಕಡೆಯ ಮರದ ಅಂಟಿನಿಂದ, ಗಟ್ಟಾಪರ್ಚಾದಿಂದ, ಮಾಡಿದ ಅಗ್ಗದ ಚೆಂಡು ಬಂತು. ಪೂರ್ವ ದೇಶದಿಂದ ಸೇಂಟ್ ಆಂಡ್ರೂಸ್‌ಗೆ ಬಂದ ಒಂದು ವಿಷ್ಣು ವಿಗ್ರಹದ ಸುತ್ತ ತುಂಬಿದ್ದ ಗಟ್ಟಾಪರ್ಚಾ ಚೂರುಗಳನ್ನು ಉರುಳಿಸಿ ಮೊದಲ ಚೆಂಡು ಮಾಡಿದರು ಎಂಬ ಐತಿಹ್ಯ ಅಲ್ಲಿ ಪ್ರಚಲಿತ. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ, ಹೇಳುವವರು ನಿಲ್ಲಿಸಿಲ್ಲ. ಹೊಸ ಚೆಂಡಿನಿಂದ ತನ್ನ ಕಸುಬು ಹೋಗುತ್ತದೆಂದು ರಾಬರ್ಟ್‌ಸನ್ ಹೆದರಿದ. ಟಾಮ್ ಅದರಲ್ಲಿ ಆಡಿದ್ದು ಗೊತ್ತಾಗಿ ಇಬ್ಬರಿಗೂ ಮನಸ್ತಾಪವಾಗಿ ಟಾಮ್ ಕೆಲಸ ಬಿಟ್ಟ. ಅಗ್ಗದ ಚೆಂಡಿನಿಂದ ಆಟ ಮಾತ್ರ ನೇಕಾರರ, ಬೆಸ್ತರ, ಕಲ್ಲುಕುಟಿಗರ ಮನೆಗಳಿಗೂ ಹೋಯಿತು.

ಇನ್ನು ಆಟದ ಮಾತು. ಸಾಮಾನ್ಯ ಗಾಲ್ಫ್ ಮೈದಾನದಲ್ಲಿ ಚೆಂಡು ಆಕಾಶದಲ್ಲಿ ಸಾಗುತ್ತದೆ. ನೆಲ ಮೆತ್ತಗಿರುವುದರಿಂದ ಎತ್ತರದಿಂದ ಬಿದ್ದ ಚೆಂಡು ಬಿದ್ದಲ್ಲೇ ಕೂರುತ್ತದೆ. ಲಿಂಕ್ಸ್‌ನಲ್ಲಿ ಅದು ಬಿದ್ದ ಮೇಲೆ ಅರ್ಧ ಆಟ ಬಾಕಿ ಇರುತ್ತದೆ. ನೆಲ ಗಟ್ಟಿ, ಮೇಲ್ಮೈ ಅಂಕುಡೊಂಕು. ನೇರವಾಗಿ ಹೊಡೆದದ್ದು ಒಂದು ಸಣ್ಣ ಉಬ್ಬಿಗೆ ತಾಗಿ ಬಂಕರಿಗೆ ಹೋಗಬಹುದು, ವಕ್ರವಾಗಿ ಹೊಡೆದದ್ದು ಇಳಿಜಾರು ಹಿಡಿದು ಕುಳಿಯ ಪಕ್ಕ ಬರಬಹುದು. ಗಾಳಿ ಎದುರಿಗಿದ್ದಾಗ ಮೇಲೆತ್ತಿ ಹೊಡೆದರೆ ಹಿಮ್ಮುಖವಾಗಿ ತಿರುಗುವ ಚೆಂಡು ಇನ್ನೂ ಮೇಲೆ ಏರಿ, ಮುಂದೆ ಹೋಗದೆ ಕೆಳಗೆ ಬೀಳುತ್ತದೆ. ಆದ್ದರಿಂದ ಅಲ್ಲಿನವರು ಕ್ಲಬ್ಬಿನ ಬೀಸು ಕಡಿಮೆ ಮಾಡಿ ಚೆಂಡನ್ನು ನೆಲದ ಹತ್ತಿರವೇ ಓಡಿಸುತ್ತಾರೆ. ಗ್ರೀನು ಇನ್ನೂ ನಲವತ್ತು ಗಜ ದೂರವಿರುವಾಗಲೇ ಚೆಂಡನ್ನು ನೆಲದ ಮೇಲೆ ಉರುಳಿಸುವ ಪುಟ್ಟರ್ ಕೈಗೆ ತೆಗೆದುಕೊಳ್ಳುವ ಮುದುಕರನ್ನು ನೋಡಿ ಹೊಸಬರಿಗೆ ನಗು ಬರುತ್ತದೆ. ಚೆಂಡು ಉಬ್ಬು ಹತ್ತಿ, ತಗ್ಗು ಇಳಿದು, ಕುಳಿಯ ಬಳಿ ನಿಂತಾಗ ನಗು ನಿಲ್ಲುತ್ತದೆ.

ಲಿಂಕ್ಸ್ ಮೈದಾನಗಳಲ್ಲೇ ನಡೆಯುವ ಬ್ರಿಟನ್ನಿನ ‘ಓಪನ್’ ಚಾಂಪಿಯನ್‌ಷಿಪ್‌ನಲ್ಲಿ ಟೈಗರ್ ವುಡ್ಸ್ ಆಡಿದ ಮೂರು ಪಂದ್ಯಾವಳಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಲಿಂಕ್ಸ್ ಎಂದರೇನು ಎಂಬುದು ಅರ್ಥವಾದೀತು. 2000ದಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಅವನು ನಾಲ್ಕು ದಿನ, 72 ಕುಳಿಗಳಲ್ಲಿ, ಒಮ್ಮೆಯೂ ಬಂಕರಿಗೆ ಬೀಳಲಿಲ್ಲ. ಆ ಮೈದಾನದಲ್ಲಿರುವ ಬಂಕರುಗಳು 112. ಎಂಟು ಹೊಡೆತಗಳ ಅಂತರದಲ್ಲಿ ಗೆದ್ದ. ಎರಡೇ ವರ್ಷದ ನಂತರ ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ ಶನಿವಾರ ಮಧ್ಯಾಹ್ನ ಕಡಲಿನಿಂದ ಮಳೆಗಾಳಿ ಎದ್ದಿತು. ಅದೇ ವುಡ್ಸ್, ಆಟದ ಉತ್ತುಂಗದಲ್ಲಿದ್ದಾಗಲೇ, 81 ಹೊಡೆತ ತೆಗೆದುಕೊಂಡ. 2006ರಲ್ಲಿ ಇಂಗ್ಲೆಂಡಿನ ಹಾಯ್‌ಲೇಕ್‌ನಲ್ಲಿ ಮಳೆಯಿಲ್ಲದೆ ಹುಲ್ಲು ಕಂದು ಬಣ್ಣಕ್ಕೆ ತಿರುಗಿ ನೆಲ ಕಾದ ಹೆಂಚಾಗಿತ್ತು. ಅತಿ ದೂರ ಹೊಡೆಯಬಲ್ಲ ಅವನು ಡ್ರೈವರ್ ಎಂಬ ದೊಡ್ಡ ಕ್ಲಬ್ಬನ್ನು ಇಡೀ ಪಂದ್ಯಾವಳಿಯಲ್ಲಿ ಒಂದೇ ಸಲ ಹೊರತೆಗೆದ. ಉಳಿದಂತೆ ಕಬ್ಬಿಣದ ಕ್ಲಬ್ಬುಗಳಿಂದ ತಗ್ಗಾಗಿ ಹೊಡೆದು, ಓಡುವಷ್ಟು ದೂರ ಓಡಲಿ ಎಂದು ನೆಲಕ್ಕೇ ಬಿಟ್ಟ. ಗೆದ್ದ. ಕೆಲವೇ ವಾರಗಳ ಹಿಂದೆ ತಂದೆಯನ್ನು ಕಳೆದುಕೊಂಡಿದ್ದ ಅವನು ಕೊನೆಯ ಗ್ರೀನಿನಲ್ಲಿ ಕ್ಯಾಡಿಯ ಹೆಗಲ ಮೇಲೆ ಅತ್ತದ್ದು ನೋಡಿದವರಿಗೆ ನೆನಪಿರುತ್ತದೆ. ಶಕ್ತಿಯನ್ನು ಬಳಸದೆ ಇಟ್ಟುಕೊಳ್ಳುವುದು ಎಷ್ಟು ದೊಡ್ಡ ಕೌಶಲ ಎಂಬುದಕ್ಕೆ ಹಾಯ್‌ಲೇಕ್‌ನ ಆ ನಾಲ್ಕು ದಿನಕ್ಕಿಂತ ಒಳ್ಳೆಯ ಉದಾಹರಣೆ ಯಾವ ಕ್ರೀಡೆಯಲ್ಲೂ ನನಗೆ ಕಂಡಿಲ್ಲ.

ಈ ಆಟದಲ್ಲಿ ನ್ಯಾಯ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅಮೆರಿಕದ ಆಟಗಾರ ಟಾಮ್ ವಾಟ್ಸನ್ ಅವರಲ್ಲೊಬ್ಬರಾಗಿದ್ದರು. ಚೆನ್ನಾಗಿ ಹೊಡೆದ ಚೆಂಡು ಅಡ್ಡಾದಿಡ್ಡಿ ಪುಟಿಯುವುದು ಮೊದಮೊದಲು ತನಗೆ ಸೇರುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಬರಬರುತ್ತ ಅದನ್ನು ಒಪ್ಪಿಕೊಂಡು ಪ್ರೀತಿಸಿದರು. ಐದು ಸಲ ಓಪನ್ ಗೆದ್ದರು. 2009ರಲ್ಲಿ ಟರ್ನ್‌ಬೆರಿಯಲ್ಲಿ, ಅರವತ್ತಕ್ಕೆ ಒಂದು ವರ್ಷ ಕಡಿಮೆ ಇದ್ದಾಗ, ಆರನೆಯದು ಕೈಗೆ ಬಂದೇಬಿಟ್ಟಿತ್ತು. ಕೊನೆಯ ಕುಳಿಯಲ್ಲಿ ಗ್ರೀನಿಗೆ ಹೊಡೆದ ಚೆಂಡಿನಲ್ಲಿ ತಪ್ಪು ಹುಡುಕುವುದು ಕಷ್ಟ. ಬಿದ್ದ ಜಾಗ ಗಟ್ಟಿಯಾಗಿತ್ತು. ಪುಟಿದು ಗ್ರೀನಿನ ಹಿಂದಕ್ಕೆ ಉರುಳಿತು. ಒಂದು ಹೊಡೆತ ಹೆಚ್ಚಾಯಿತು, ಟೈ ಆಯಿತು, ಪ್ಲೇಆಫ್‌ನಲ್ಲಿ ಸ್ಟೀವರ್ಟ್ ಸಿಂಕ್ ಗೆದ್ದರು. ವಾಟ್ಸನ್ ನೆಲವನ್ನು ದೂರಲಿಲ್ಲ. ಮೂವತ್ತು ವರ್ಷ ಅದೇ ನೆಲದ ಪುಟಿತದಿಂದ ಲಾಭ ಪಡೆದವರು ಒಂದು ದಿನದ ನಷ್ಟಕ್ಕೆ ದೂರುವುದು ಹೇಗೆ?

ಕಡಲ ನೋಟವಿರುವ ಮೈದಾನಗಳೆಲ್ಲ ಲಿಂಕ್ಸ್ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕಡಲಿನ ಮೇಲೆ ಬಾಗಿದ ಬಂಡೆಗಳ ನೆತ್ತಿಯಲ್ಲಿದೆ. ಅದರ ಚೆಲುವಿಗೆ ಎದುರಾಡುವವರಿಲ್ಲ, ಆದರೆ ಅದರ ನೆಲ ಬೇರೆ. ಜಗತ್ತಿನಲ್ಲಿರುವ 30 ಸಾವಿರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಲ್ಲಿ ನಿಜವಾದ ಲಿಂಕ್ಸ್ ಎಷ್ಟು ಎಂದು ಜಾರ್ಜ್ ಪೆಪರ್ ಮತ್ತು ಮಾಲ್ಕಮ್ ಕ್ಯಾಂಪ್‌ಬೆಲ್ ಎಣಿಸಿ 2010ರಲ್ಲಿ ಪುಸ್ತಕ ತಂದರು. ಅವರ ಲೆಕ್ಕಕ್ಕೆ ಸಿಕ್ಕಿದ್ದು 246. ಬಹುಪಾಲು ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ಇವೆ.

ಮೊದಲ ನೋಟಕ್ಕೆ ಕೆಲವು ಲಿಂಕ್ಸ್ ಏನೂ ಅನ್ನಿಸುವುದಿಲ್ಲ. 1946ರಲ್ಲಿ ಅಮೆರಿಕದ ಸ್ಯಾಮ್ ಸ್ನೀಡ್ ಸೇಂಟ್ ಆಂಡ್ರೂಸ್‌ಗೆ ರೈಲಿನಲ್ಲಿ ಬರುತ್ತ, ಕಿಟಕಿಯಾಚೆ ಕಂಡ ಓಲ್ಡ್ ಕೋರ್ಸನ್ನು ಯಾರೋ ಬಿಟ್ಟುಹೋದ ಹಾಳು ಮೈದಾನ ಅಂದುಕೊಂಡರು. ಆ ವಾರ ಅಲ್ಲೇ ಓಪನ್ ಗೆದ್ದರು. ಬಾಬಿ ಜೋನ್ಸ್ 1921ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಬಂದು, ಹನ್ನೊಂದನೇ ಕುಳಿಯ ಬಂಕರಿನಲ್ಲಿ ಸಿಕ್ಕಿಬಿದ್ದು, ಸಿಟ್ಟಿನಿಂದ ಪಂದ್ಯ ಬಿಟ್ಟು ನಡೆದರು. ಆರು ವರ್ಷಕ್ಕೆ ಮರಳಿ ಬಂದು ಓಪನ್ ಗೆದ್ದರು, 1930ರಲ್ಲಿ ಅಲ್ಲೇ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದರು. 1958ರಲ್ಲಿ ಊರು ಅವರನ್ನು ಗೌರವ ಪೌರರನ್ನಾಗಿ ಮಾಡಿಕೊಂಡಿತು. ಅವರಿಗಿಂತ ಮೊದಲು ಆ ಗೌರವ ಪಡೆದ ಅಮೆರಿಕದವರು ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರೇ.

ಬೇರೆ ಕೆಲವು ಜಾಗಗಳಲ್ಲಿ ಕಣ್ಣಿಗೆ ಹಬ್ಬ ಮೊದಲ ಹೆಜ್ಜೆಯಿಂದಲೇ. ಉತ್ತರ ಐರ್ಲೆಂಡಿನ ರಾಯಲ್ ಕೌಂಟಿ ಡೌನ್‌ನಲ್ಲಿ ಮೋರ್ನ್ ಬೆಟ್ಟಸಾಲು ಕಡಲಿಗೆ ಇಳಿದು ಬರುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಕಿಂಟೈರ್ ಪರ್ಯಾಯ ದ್ವೀಪದ ಮಾಕ್ರಿಹ್ಯಾನಿಷ್‌ನಲ್ಲಿ ಮೊದಲ ಹೊಡೆತವೇ ಅಟ್ಲಾಂಟಿಕ್ ದಂಡೆಯ ಮೇಲೆ ಹಾದು ಹೋಗಬೇಕು, ಎಷ್ಟು ಧೈರ್ಯವೋ ಅಷ್ಟು ಕಡಲನ್ನು ದಾಟಿಸಬಹುದು. ಉತ್ತರದ ಡಾರ್ನಾಕ್‌ನಲ್ಲಿ ಮೇ ತಿಂಗಳೆಂದರೆ ಗೋರ್ಸ್ ಮುಳ್ಳುಪೊದೆಗಳು ಇಳಿಜಾರಿನ ಉದ್ದಕ್ಕೂ ಹಳದಿ ಹೂ ಬಿಡುವ ಕಾಲ, ಜೂನಿನಲ್ಲಿ ರಾತ್ರಿ ಹತ್ತು ದಾಟಿದರೂ ಆಡುವಷ್ಟು ಬೆಳಕು. ಆ ಡಾರ್ನಾಕ್‌ನಲ್ಲಿ 1872ರಲ್ಲಿ ಹುಟ್ಟಿದ ಡೊನಾಲ್ಡ್ ರಾಸ್ ಅಮೆರಿಕಕ್ಕೆ ಹೋಗಿ ಪೈನ್‌ಹರ್ಸ್ಟ್ ಸೇರಿದಂತೆ ನೂರಾರು ಮೈದಾನಗಳನ್ನು ವಿನ್ಯಾಸ ಮಾಡಿದ. ಅವನ ಗುಮ್ಮಟದಂಥ ಗ್ರೀನುಗಳಲ್ಲಿ ಹುಟ್ಟೂರಿನ ದಿಬ್ಬಗಳು ಉಳಿದಿವೆ.

ನನಗೆ ಹೆಚ್ಚು ಇಷ್ಟವಾಗುವುದು ಡಾರ್ನಾಕ್‌ನಿಂದ ಇನ್ನೂ ಉತ್ತರಕ್ಕಿರುವ ಬ್ರೋರಾ. ಅಲ್ಲಿ ಕುರಿ, ದನ ಇಂದಿಗೂ ಫೇರ್‌ವೇಯಲ್ಲಿ ಮೇಯುತ್ತವೆ, ಮೇಯುವ ಹಕ್ಕು ಊರಿನ ಸಣ್ಣ ರೈತರದು. ಗ್ರೀನುಗಳನ್ನು ಅವು ತುಳಿಯದಿರಲೆಂದು ಸುತ್ತ ಮೊಣಕಾಲೆತ್ತರದಲ್ಲಿ ವಿದ್ಯುತ್ ತಂತಿ ಎಳೆದಿರುತ್ತಾರೆ. ಆಡುವವರು ಪುಟ್ಟರ್ ಹಿಡಿದು ತಂತಿಯ ಮೇಲೆ ಕಾಲೆತ್ತಿ ದಾಟಬೇಕು. ಸಗಣಿಯ ಮೇಲೆ ಚೆಂಡು ಕೂತರೆ ಏನು ಮಾಡಬೇಕೆಂಬುದಕ್ಕೆ ಅಲ್ಲಿ ನಿಯಮವಿದೆ. ಇಂಗ್ಲೆಂಡಿನ ರಾಯಲ್ ನಾರ್ತ್ ಡೆವನ್‌ನಲ್ಲೂ, 1864ರಿಂದ, ಇದೇ ಪದ್ಧತಿ: ಆಟವೂ ಉಂಟು, ಕುರಿ ಕುದುರೆಗಳೂ ಉಂಟು. ಐರ್ಲೆಂಡಿನ ಲಹಿಂಚ್‌ನಲ್ಲಿ ಆಡುಗಳಿದ್ದವು. ಅವು ಕ್ಲಬ್ಬಿನ ಕಟ್ಟಡದ ಹತ್ತಿರ ಬಂದು ಒತ್ತಿ ನಿಂತರೆ ಮಳೆ ಬರುತ್ತದೆ, ದೂರದ ದಿಬ್ಬಗಳಲ್ಲಿದ್ದರೆ ಬಿಸಿಲು ಎಂದು ಆಟಗಾರರು ಹವಾಮಾನ ತಿಳಿಯುತ್ತಿದ್ದರು. ಲಹಿಂಚ್‌ನಲ್ಲಿ ಒಂದು ಗ್ರೀನು ಎತ್ತರದ ಮರಳುದಿಬ್ಬಗಳ ನಡುವೆ ಪೂರ್ತಿ ಅಡಗಿದೆ. ಕುಳಿ ಎಲ್ಲಿದೆ ಎಂದು ತೋರಿಸಲು ದಿಬ್ಬದ ಮೇಲೆ ಒಂದು ಬಿಳಿ ಕಲ್ಲು, ಕುಳಿ ಬದಲಾದಂತೆ ಕಲ್ಲೂ ಬದಲಾಗುತ್ತದೆ. 1860ರಲ್ಲಿ ಎಂಟೇ ಜನ ಸೇರಿ ಮೊದಲ ಓಪನ್ ಆಡಿದ ಪ್ರೆಸ್ಟ್‌ವಿಕ್‌ನಲ್ಲೂ ಇಂಥ ಮರೆಯ ಕುಳಿ ಇದೆ. ಅಡ್ಡ ನಿಂತ ದಿಬ್ಬದ ಹೆಸರು ‘ಹಿಮಾಲಯ’.

ಬಂಕರುಗಳ ಗೋಡೆಯನ್ನೂ ಹತ್ತಿರದಿಂದ ನೋಡಬೇಕು. ಗಾಳಿಗೆ ಮರಳು ಹಾರಿಹೋಗದಂತೆ ಅವನ್ನು ಆಳವಾಗಿ, ಸಣ್ಣದಾಗಿ ಮಾಡಿ, ಒಳಗೋಡೆಗೆ ಹುಲ್ಲುಹೆಂಟೆ ಪೇರಿಸುತ್ತಾರೆ. ಚೌಕವಾಗಿ ಕತ್ತರಿಸಿದ ಹೆಂಟೆಯನ್ನು ಒಂದರ ಮೇಲೊಂದು ಇಟ್ಟು, ಪ್ರತಿ ವರಸೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬೆನ್ನಿಗೆ ಮಣ್ಣು ಗಿಡಿದು ಮೇಲೆ ಬರುತ್ತಾರೆ. ಬಿಸಿಲು, ಗಾಳಿಗೆ ಹುಲ್ಲು ಒಣಗಿ ಗೋಡೆ ಕುಸಿಯುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು. ಚಳಿಗಾಲದುದ್ದಕ್ಕೂ ಮೈದಾನದ ಕೆಲಸಗಾರರಿಗೆ ಇದೇ ದುಡಿಮೆ. ಓಲ್ಡ್ ಕೋರ್ಸಿನ ಹದಿನಾಲ್ಕನೆಯ ಕುಳಿಯ ದಾರಿಯಲ್ಲಿರುವ ‘ನರಕ’ ಎಂಬ ಬಂಕರಿಗೆ ಇಳಿದವರಿಗೆ ಹೊರಗಿನ ಬಾವುಟ ಕಾಣುವುದಿಲ್ಲ. ಹದಿನೇಳನೆಯದರ ಬಂಕರಿನಿಂದ 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಾಕಾಜಿಮಾ ಹೊರಬರಲು ಪಟ್ಟ ಪಾಡಿಗೆ ಆ ಒಂದು ಕುಳಿಗೆ ಒಂಬತ್ತು ಹೊಡೆತವಾದವು. ಎದುರು ಗೋಡೆ ಆಳೆತ್ತರ, ಮುಂದೆ ಹೊಡೆಯಲಾಗದಿದ್ದರೆ ಬಂದ ದಾರಿಗೇ ಹಿಂದಕ್ಕೆ ಹೊಡೆದು ಪಾರಾಗುವುದು ಜಾಣತನ.

ಇಷ್ಟೆಲ್ಲ ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಸೇಂಟ್ ಆಂಡ್ರೂಸ್‌ನಲ್ಲಿ ನೆಲ ಊರಿನದು, ಪಕ್ಕದ ಕಲ್ಲಿನ ಕಟ್ಟಡ ಖಾಸಗಿ ಕ್ಲಬ್ಬಿನದು. 1754ರಲ್ಲಿ ಶುರುವಾದ ಆ ರಾಯಲ್ ಆ್ಯಂಡ್ ಏನ್ಷಿಯಂಟ್ ಕ್ಲಬ್ ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಒಪ್ಪಿದ್ದು 2014ರಲ್ಲಿ. ಮ್ಯೂರ್‌ಫೀಲ್ಡ್‌ನ ಕ್ಲಬ್ ಒಪ್ಪಿದ್ದು 2017ರಲ್ಲಿ.  ಓಲ್ಡ್ ಕೋರ್ಸಿನ ಪಕ್ಕದಲ್ಲೇ ಹೆಂಗಸರಿಗಾಗಿ 1867ರಲ್ಲಿ ಪುಟಿಂಗ್ ಕ್ಲಬ್ ಹುಟ್ಟಿತ್ತು. ಆದರೂ ಓಲ್ಡ್ ಕೋರ್ಸಿನಲ್ಲಿ ಮಹಿಳೆಯರ ವೃತ್ತಿಪರ ಪಂದ್ಯಾವಳಿ ಮೊದಲ ಸಲ ನಡೆದದ್ದು 2007ರಲ್ಲಿ, ಗೆದ್ದವರು ಮೆಕ್ಸಿಕೋದ ಲೊರೆನಾ ಓಚೊವಾ. ಇದಾಗಿ ಎಂಟು ವರ್ಷಕ್ಕೆ, 2015ರಲ್ಲಿ, ಬೆಂಗಳೂರಿನ ಹದಿನೇಳರ ಹುಡುಗಿ ಅದಿತಿ ಅಶೋಕ್ ಸೇಂಟ್ ಆಂಡ್ರೂಸ್‌ನ ಲಿಂಕ್ಸ್‌ನಲ್ಲೇ ನಡೆಯುವ ಸೇಂಟ್ ರೂಲ್ ಟ್ರೋಫಿ ಗೆದ್ದಳು. ಅದೇ ವರ್ಷ ಬ್ರಿಟಿಷ್ ಮಹಿಳಾ ಅಮೆಚೂರ್ ಸ್ಟ್ರೋಕ್‌ಪ್ಲೇ ಪ್ರಶಸ್ತಿಯನ್ನೂ ತಂದಳು. ದೂರ ಹೊಡೆಯುವವರ ಪೈಕಿಯಲ್ಲ ಅದಿತಿ. ಅವಳ ಬಲ ಪುಟ್ಟರ್‌ನಲ್ಲಿ, ತಾಳ್ಮೆಯಲ್ಲಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ನಾಡಿಗೆಲ್ಲ ಅವಳ ಹೆಸರು ತಿಳಿಯಿತು. ಗಂಡಸರಲ್ಲಿ 2023ರ ಓಪನ್‌ನಲ್ಲಿ, ಅದೇ ಹಾಯ್‌ಲೇಕ್‌ನಲ್ಲಿ, ಶುಭಂಕರ್ ಶರ್ಮಾ ಜಂಟಿ ಎಂಟನೇ ಸ್ಥಾನ ಪಡೆದರು. 1829ರಲ್ಲಿ ಕಲ್ಕತ್ತೆಗೂ 1876ರಲ್ಲಿ ಬೆಂಗಳೂರಿಗೂ ಬ್ರಿಟಿಷರ ಜತೆ ಬಂದ ಆಟದ ಸಾಲ ಹೀಗೆ ತೀರುತ್ತಿದೆ.

ಲಿಂಕ್ಸ್‌ಗೆ ಈಗ ಎರಡು ಕಡೆಯಿಂದ ಕುತ್ತು ಬಂದಿದೆ. ಒಂದು ಕಡಲಿನದೇ. ಸ್ಕಾಟ್ಲೆಂಡಿನ ಮಾಂಟ್ರೋಸ್‌ನಲ್ಲಿ 16ನೇ ಶತಮಾನದಿಂದ ಗಾಲ್ಫ್ ಆಡುತ್ತಿದ್ದಾರೆ. ಡಂಡೀ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ ಮೂವತ್ತು ವರ್ಷಗಳಲ್ಲಿ ಉತ್ತರ ಸಮುದ್ರ ಸುಮಾರು 70 ಮೀಟರ್ ಮೈದಾನದ ಕಡೆಗೆ ಬಂದಿದೆ. ಮೊದಲ ಹೊಡೆತ ಹೊಡೆಯುವ ಜಾಗಗಳಾದ ಟೀಗಳನ್ನು ಒಳಕ್ಕೆ ಸರಿಸಿದ್ದಾರೆ. ಬಂಡೆ ಸುರಿದರೆ ಅಲೆಯ ಹೊಡೆತ ಪಕ್ಕದ ದಡಕ್ಕೆ ತಿರುಗುತ್ತದೆ ಎಂಬುದು ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಹೇಳಿಕೊಡಬೇಕಾಗಿಲ್ಲ. ದಿಬ್ಬವನ್ನು ಕಾಯಲು ಮ್ಯಾರಮ್ ಹುಲ್ಲೇ ಬೇಕು, ಅದಕ್ಕೆ ಕಾಲ ಬೇಕು. ಇನ್ನೊಂದು ಕುತ್ತು ದುಡ್ಡಿನದು. ಲಿಂಕ್ಸ್ ಹುಟ್ಟುವುದಕ್ಕೆ ಸಾವಿರಾರು ವರ್ಷ ಹಿಡಿದ ಕಡೆ ಹೊಸದಾಗಿ ಕಟ್ಟಲು ಹೊರಟವರಿದ್ದಾರೆ. ಅಬರ್ಡೀನ್ ಹತ್ತಿರ ಡೊನಾಲ್ಡ್ ಟ್ರಂಪ್ 2012ರಲ್ಲಿ ತೆರೆದ ಮೈದಾನಕ್ಕಾಗಿ ಫೊವರನ್‌ನ ಚಲಿಸುವ ಮರಳುದಿಬ್ಬಗಳನ್ನು ಹಿಡಿದು ನಿಲ್ಲಿಸಿದರು. ವಿಜ್ಞಾನದ ದೃಷ್ಟಿಯಿಂದ ಸಂರಕ್ಷಿತವಾಗಿದ್ದ ಆ ಜಾಗದ ವಿಶೇಷ ಹಾಳಾಗಿದೆ ಎಂದು 2020ರಲ್ಲಿ ಸ್ಕಾಟ್ಲೆಂಡಿನ ನಿಸರ್ಗ ಸಂಸ್ಥೆ ಅದರ ಸಂರಕ್ಷಿತ ಸ್ಥಾನಮಾನವನ್ನೇ ತೆಗೆದುಹಾಕಿತು. ಅದೇ ವರ್ಷ ಡಾರ್ನಾಕ್ ಹತ್ತಿರದ ಕೂಲ್ ಲಿಂಕ್ಸ್‌ನಲ್ಲಿ ಮೈದಾನ ಮಾಡುವ ಯೋಜನೆಗೆ ಸರ್ಕಾರ ಅನುಮತಿ ಕೊಡಲಿಲ್ಲ. ಒಳ್ಳೆಯ ನಿರ್ಧಾರ. ಮರಳು ಚಲಿಸುವುದನ್ನು ನಿಲ್ಲಿಸಿದರೆ ಲಿಂಕ್ಸ್ ಹುಟ್ಟುವ ಕ್ರಿಯೆಯೇ ನಿಂತುಹೋಗುತ್ತದೆ. ಆಟಕ್ಕೆ ಜಾಗ ಕೊಟ್ಟ ನಿಸರ್ಗವನ್ನು ಆಟದ ಹೆಸರಿನಲ್ಲಿ ಕೊಲ್ಲುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮಕ್ಕಳು ಬ್ರಿಟನ್ನಿನಲ್ಲಿ ಓದುತ್ತಿದ್ದಾರೆ, ಕೆಲಸದಲ್ಲಿದ್ದಾರೆ ಎಂದು ಅಲ್ಲಿಗೆ ಹೋಗಿಬರುವ ಕನ್ನಡಿಗರು ಈಗ ಬಹಳ. ಅವರಿಗೆ ಕೆಲವು ಮಾತು. ಓಲ್ಡ್ ಕೋರ್ಸಿನಲ್ಲಿ ಆಡಬೇಕೆಂದರೆ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಬೇಕು. ಎರಡು ದಿನ ಮೊದಲು ಹೆಸರು ಕೊಟ್ಟರೆ ಚೀಟಿ ಎತ್ತಿ ಆರಿಸುತ್ತಾರೆ, ಒಬ್ಬರೇ ಬಂದವರಿಗೆ ಪ್ರತ್ಯೇಕ ಚೀಟಿಯೂ ಇದೆ. ಬೇಸಿಗೆಯಲ್ಲಿ ಒಂದು ಸುತ್ತಿಗೆ 300 ಪೌಂಡ್ ದಾಟುತ್ತದೆ, ಊರಿನವರಿಗೆ ಮಾತ್ರ ವರ್ಷವಿಡೀ ಆಡುವ ಟಿಕೆಟ್ಟೇ ಕೆಲವು ನೂರು ಪೌಂಡಿಗೆ ಸಿಗುತ್ತದೆ. ಗಾಡಿ ಇಲ್ಲ, ನಡೆದೇ ಆಡಬೇಕು. ಜುಲೈ ಆದರೂ ಮಳೆಯಂಗಿ ಇರಲಿ. ಚೀಟಿಯಲ್ಲಿ ಹೆಸರು ಬರದಿದ್ದರೆ ಬೇಸರ ಪಡದೆ ಬ್ರೋರಾಕ್ಕೋ ಮಾಕ್ರಿಹ್ಯಾನಿಷ್‌ಗೋ ಹೋಗಿ. ಖರ್ಚು ಕಡಿಮೆ, ಕಡಲು ಹತ್ತಿರ.

ಗಾಲ್ಫ್ ಗೊತ್ತೇ ಇಲ್ಲದವರೂ ಹೋಗಬೇಕು. ಓಲ್ಡ್ ಕೋರ್ಸಿನ ಪಕ್ಕದಲ್ಲಿ ಉಬ್ಬುತಗ್ಗಿನ ದೊಡ್ಡ ಪುಟಿಂಗ್ ಅಂಗಳವಿದೆ. ಟಾಮ್ ಮಾರಿಸ್ ಹೆಂಗಸರ ಪುಟಿಂಗ್ ಕ್ಲಬ್ಬಿಗಾಗಿ ಮಾಡಿಕೊಟ್ಟ ಅದಕ್ಕೂ ಜನ ಇಟ್ಟ ಹೆಸರು ‘ಹಿಮಾಲಯ’. ಕೆಲವೇ ಪೌಂಡ್ ಕೊಟ್ಟರೆ ಪುಟ್ಟರ್, ಚೆಂಡು ಕೊಡುತ್ತಾರೆ, ಮೊಮ್ಮಕ್ಕಳ ಜತೆ ಆಡಬಹುದು. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿರುವುದಿಲ್ಲ. ದೊಡ್ಡ ಪಂದ್ಯಾವಳಿಗಳ ವಾರ ಬಿಟ್ಟರೆ ಅಂದು ಅದು ಊರಿನ ಉದ್ಯಾನ, ಯಾರು ಬೇಕಾದರೂ ಫೇರ್‌ವೇಯ ಮೇಲೆ ನಡೆಯಬಹುದು, ಬಂಕರಿಗೆ ಇಣುಕಬಹುದು, ಸ್ವಿಲ್ಕನ್ ತೊರೆಯ ಕಲ್ಲುಸೇತುವೆಯ ಮೇಲೆ ನಿಲ್ಲಬಹುದು. ಎಡಿನ್‌ಬರೋದಿಂದ ಲೂಕರ್ಸ್ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸಿದೆ. ಭಾನುವಾರ ಮೈದಾನದಲ್ಲಿ ನಡೆಯಲು ಟಿಕೆಟ್ಟು, ಅನುಮತಿ ಯಾವುದೂ ಬೇಡ.